ಶಶಿಪ್ರಭಕ್ಕನ ಪಟ್ಟು

ಯಾರಾದರೂ ಗೌರವದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ಶಶಿಪ್ರಭಾ ಅವರಿಗೆ ಸಿಟ್ಟು ಬರುತ್ತಿತ್ತು. ಬೆಳುವಾಯಿಯಲ್ಲಿ ಗಂಡನೊಡನೆ ಹೋಟೆಲು ನಡೆಸುವ, ನಲವತ್ತು ದಾಟಿದ ಈ ಮಹಿಳೆ ಸಂಜೆ ಮೂಡುಬಿದಿರೆಯ ಜೂಡೊ ತರಗತಿಗೆ ಬರುವಾಗ ಮೈಯಲ್ಲಿ ಇನ್ನೂ ದೋಸೆಕಲ್ಲಿನ ಕಾವು ಇರುತ್ತಿತ್ತು. ಅಂಗಾಲನ್ನು ಪೂರ್ತಿ ನೆಲಕ್ಕೂರಿ, ಅವಸರವಿಲ್ಲದೆ, ಅಳುಕಿಲ್ಲದೆ, ತನ್ನ ದೇಹದ ಭಾರದ ಬಗ್ಗೆ ಯಾರ ಕ್ಷಮೆಯನ್ನೂ ಕೇಳದ ನಡಿಗೆ ಅವರದು.

ತೂಕದಲ್ಲಿ ಅವರಿಗೆ ಸರಿಸಮನಾದವನು ಉಜ್ವಲ್ ಒಬ್ಬನೇ. ಮಿಜಾರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಈ ತರುಣ ಪರಮ ಸಭ್ಯ. ಆ ಸಭ್ಯತೆಯೇ ತೊಡಕಾಯಿತು. ಉಳಿದ ಗಂಡಸರು ಹೆಂಗಸಿನ ಕೈಯಲ್ಲಿ ಬಿದ್ದರೆ ಮಾನ ಹೋದೀತೆಂದು ಬೇರೆ ಜೊತೆ ಹುಡುಕಿಕೊಂಡರೆ, ಇವನು ಅವರ ಕೊರಳಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು, ಅವರು ಎಳೆಯುವ ಮೊದಲೇ ತಾನಾಗಿ ಉರುಳಿ, "ಸೂಪರ್ ಅಕ್ಕ" ಎನ್ನುತ್ತಿದ್ದ.

ಒಂದು ಸಂಜೆ ಅವರು ಬಿದ್ದವನನ್ನು ಏಳಗೊಡಲಿಲ್ಲ.

"ನಾನು ಎಳೆದೇ ಇಲ್ಲ. ನೀನು ಎಂತಕ್ಕೆ ಬಿದ್ದದ್ದು?"

"ಅಲ್ಲ ಅಕ್ಕ, ನಿಮಗೆ ಪೆಟ್ಟಾದರೆ..."

"ಪೆಟ್ಟು ನನ್ನದಲ್ವಾ ಮಾರಾಯ? ನೀನು ಸುಳ್ಳು ಬಿದ್ದರೆ ನಾನು ಕಲಿಯುವುದೂ ಸುಳ್ಳೇ. ಸರಿ ಹಿಡಿ."

ಅವನು ಹಿಡಿದ. ಮೊದಲ ಬಾರಿಗೆ ಸೊಂಟ ಕೊಟ್ಟು, ಉಸಿರು ಕಟ್ಟಿ, ಅವರನ್ನು ನಿಜವಾಗಿ ಎತ್ತಿ ಹಾಕಿದ. ಶಶಿಪ್ರಭಾ ನೆಲಕ್ಕೆ ಬಿದ್ದ ಸದ್ದಿನೊಳಗೆ ಇನ್ನೊಂದು ಸಣ್ಣ ಸದ್ದು ಸೇರಿತ್ತು. ಮುಂಗೈಯ ಎಲುಬು ಮುರಿದಿತ್ತು.

ಆಮೇಲೆ ಊರು ಮಾತಾಡಿತು. ಹೆಂಗಸಿನ ಕೈ ಮುರಿದವನೆಂದು ಉಜ್ವಲನಿಗೆ ಹೆಸರು ಬಿತ್ತು. ತರಬೇತುದಾರ ಜಯಪ್ರಕಾಶ್ ಮಾಸ್ಟರು ಇನ್ನು ಮುಂದೆ ಗಂಡಸರು ಆಚೆ, ಹೆಂಗಸರು ಈಚೆ ಎಂದು ವಿಧಿಸಿದರು. ಉಜ್ವಲ್ ಬರುವುದನ್ನೇ ಬಿಟ್ಟ.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡ ಶಶಿಪ್ರಭಾ ಬಸ್ಸು ಹತ್ತಿ ಮಿಜಾರಿನ ಅವನ ಮನೆಗೇ ಬಂದರು. ಅವನು ಪ್ಲಾಸ್ಟರನ್ನು ನೋಡಿ ತಲೆ ತಗ್ಗಿಸಿದ.

"ಬೀಳುವಾಗ ಕೈ ಊರಿದ್ದು ನಾನು. ಊರಬಾರದು ಅಂತ ಮಾಸ್ಟರು ದಿನಾ ಹೇಳ್ತಾರೆ. ನನ್ನ ತಪ್ಪನ್ನೂ ನೀನೇ ತೆಗೆದುಕೊಂಡರೆ ನನಗೆ ಉಳಿಯುವುದೆಂತ?"

ಬಾಗಿಲಲ್ಲಿ ನಿಂತಿದ್ದ ಉಜ್ವಲನ ತಾಯಿಗೆ ತಡೆಯಲಾಗಲಿಲ್ಲ. "ಈ ಪ್ರಾಯದಲ್ಲಿ ನಿಮಗೆ ಇದೆಲ್ಲ ಬೇಕಾ?"

"ಬೇಕು" ಎಂದರು ಶಶಿಪ್ರಭಾ, ಬಹಳ ಮೃದುವಾಗಿ. "ನಾನೂ ಒಬ್ಬಳು ಎದುರಾಳಿ ಅಂತ ಅವತ್ತು ಒಂದು ದಿನ ಗೊತ್ತಾಯ್ತು. ಅದನ್ನು ಬಿಡ್ಲಿಕ್ಕೆ ಆಗುವುದಿಲ್ಲ."

ಎಲುಬು ಕೂಡಿದ ಮೇಲೆ ಇಬ್ಬರೂ ತರಗತಿಗೆ ಬಂದರು. ಶಶಿಪ್ರಭಾ ಹೆಂಗಸರ ಸಾಲಿನಿಂದ ಹೊರಟು, ಇಡೀ ಮ್ಯಾಟನ್ನು ದಾಟಿ, ಉಜ್ವಲನ ಮುಂದೆ ನಿಂತು ತಲೆಬಾಗಿದರು. ಮಾಸ್ಟರು ತಡೆಯಲೆಂದು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತರು. ಉಜ್ವಲ್ ಮತ್ತೆ ಬೆರಳ ತುದಿಯಲ್ಲೇ ಹಿಡಿದ. ಹಿಡಿತ ಬಿಗಿಯಾಗುವವರೆಗೆ ಅವರು ಕಾದರು. ಅವನು ಎತ್ತಿ ಹಾಕಿದ. ಅವರು ಸರಿಯಾಗಿ ಬಿದ್ದು ಎದ್ದರು. ಮತ್ತೆ ಹಿಡಿದಾಗ ಅವನ ಕಾಲ ಕೆಳಗಿನ ನೆಲ ಹೇಗೆ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಬೆನ್ನಡಿಯಾಗಿ ಬಿದ್ದು ಚಾವಣಿ ನೋಡುತ್ತಿದ್ದವನಿಗೆ ಅವಮಾನದ ಬದಲು ಯಾವುದೋ ಹಳೆಯ ಭಾರ ಇಳಿದ ಹಗುರ. ಅಷ್ಟರಲ್ಲಿ ಆ ಬದಿಯಿಂದ ಸಾತ್ವಿಕಾ ಎಂಬ ಹುಡುಗಿಯೂ ಗಂಡಸರ ಕಡೆಗೆ ನಡೆದು ಬರುತ್ತಿದ್ದಳು.

ಇಂಥವರು ಸುಲಭದ ಸಂಗಾತಿಗಳಲ್ಲ. ನೀಡಿದ ಕರುಣೆಯನ್ನು ಬೇಡವೆಂದು ಹಿಂದಿರುಗಿಸುವವರನ್ನು ಲೋಕ ಅಹಂಕಾರಿಗಳೆಂದೇ ಕರೆಯುತ್ತದೆ. ಆದರೆ ನಮ್ಮ ಪೂರ್ಣ ಬಲವನ್ನು ಕೇಳುವವರು, ಅದನ್ನು ನಾವು ಕೇಡಿಗೆ ಬಳಸಲಾರೆವೆಂದು ನಮಗಿಂತ ಮೊದಲೇ ನಂಬಿರುತ್ತಾರೆ.