ಮೂರನೆಯ ಬ್ರಶ್ಶು

ಮಾವನಿಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಎಡಗಾಲು ಅರ್ಧ ವಾಪಸು ಬಂದಿತ್ತು. ಮಾತು ಮಾತ್ರ ಪೂರ್ತಿ, ಬಡ್ಡಿ ಸಮೇತ ಬಂದಿತ್ತು. ಕ್ಷೌರದಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಅಳಿಯನ ಕತ್ತರಿಯ ಒಂದೊಂದು ಸದ್ದಿನಲ್ಲೂ ತಪ್ಪು ಹುಡುಕುತ್ತಿದ್ದರು. ಸೋಮವಾರದಿಂದ ತಮ್ಮ ಕುರ್ಚಿಯ ಹಿಂದೆ ತಾವೇ ನಿಲ್ಲುವುದಾಗಿ ಬಂದವರಿಗೆಲ್ಲ ಸಾರಿದ್ದರು. ನಂಬದವರಿಗೆ ಎಡಗೈ ಬೆರಳು ಮಡಚಿ, ಬಿಚ್ಚಿ ತೋರಿಸುತ್ತಿದ್ದರು.

ಬೆರಳು ಮಡಚಿದರೆ ಸಾಲದೆಂದು ಅಳಿಯನಿಗೆ ಗೊತ್ತಿತ್ತು. ಕತ್ತಿ ಹಿಡಿಯುವುದು ಬಲಗೈಯಾದರೂ ಕ್ಷೌರ ಮಾಡುವುದು ಎಡಗೈ. ಚರ್ಮವನ್ನು ಎಳೆದು ಹಿಡಿದಾಗ ಕೂದಲು ಯಾವ ಕಡೆ ಮಲಗಿದೆ, ಎಲ್ಲಿ ಗುಳ್ಳೆ ಎದ್ದಿದೆ ಎಂಬುದು ಕಣ್ಣಿಗಿಂತ ಮೊದಲು ಅದಕ್ಕೆ ತಿಳಿಯಬೇಕು. ಇದನ್ನು ಅವನಿಗೆ ಕಲಿಸಿದವರೇ ಮಾವ. ಸ್ಪರ್ಶ ಗೊತ್ತಾಗುತ್ತಾ ಎಂದು ಕೇಳಿದಾಗಲೆಲ್ಲ ಅವರು ಹ್ಞೂಂ ಅನ್ನುತ್ತಿದ್ದರು, ಕೇಳಿ ಮುಗಿಸುವ ಮೊದಲೇ ಅನ್ನುತ್ತಿದ್ದರು.

ನೊರೆ ಹಚ್ಚುವ ಹಳೆಯ ಬ್ರಶ್ಶು ಗಿರಾಕಿಗಳ ಗಲ್ಲದ ಮೇಲೆ ಕೂದಲು ಉದುರಿಸತೊಡಗಿತ್ತು. ಅದನ್ನೇ ನೆಪ ಮಾಡಿಕೊಂಡು ಅಳಿಯ ಮೂರು ಹೊಸ ಬ್ರಶ್ಶು ತಂದ. ಒಂದು ಹಂದಿ ಕೂದಲಿನದು, ಒಂದು ನೈಲಾನಿನದು, ಇನ್ನೊಂದು ಬ್ಯಾಡ್ಜರ್ ಎಂಬ ಯಾವುದೋ ಪ್ರಾಣಿಯದು, ದುಬಾರಿ. ಮಾವನ ಮುಖ ಅರಳಿತು. ಕಣ್ಣು ಮುಚ್ಚಿ, ಒದ್ದೆ ಬ್ರಶ್ಶನ್ನು ಎಡ ಅಂಗೈಗೆ ಒತ್ತಿಸಿಕೊಂಡು ಅದರ ಕುಲಗೋತ್ರ ಹೇಳುವುದರಲ್ಲಿ ಅವರು ಹೆಸರುವಾಸಿ. ಬೆಂಚಿನಲ್ಲಿ ಕೂತಿದ್ದ ಹಳೇ ಗಿರಾಕಿ ಮೇಷ್ಟ್ರು ಪೇಪರು ಮಡಚಿಟ್ಟರು. ಐದು ತಿಂಗಳಿಂದ ಅವರು ಬೇರೆಯವರ ಕೈಗೆ ಮುಖ ಕೊಡದೆ ಮನೆಯಲ್ಲೇ ಹೇಗೋ ಗಡ್ಡ ಕೆರೆದುಕೊಳ್ಳುತ್ತಿದ್ದರು.

ಅಳಿಯ ಮೊದಲನೆಯದನ್ನು ಅದ್ದಿ ಒತ್ತಿದ. ಮಾವನ ಮೂಗಿನ ಹೊಳ್ಳೆ ಅರಳಿತು. ಹಂದಿ ಎಂದರು. ಹೊಸ ಹಂದಿ ಕೂದಲು ಒದ್ದೆಯಾದರೆ ಅದರ ವಾಸನೆಯಿಂದಲೇ ಮೂಗಿದ್ದ ಯಾರಾದರೂ ಹೇಳಿಯಾರು. ಅಳಿಯ ಅಂಗೈಯನ್ನು ಟವೆಲಿನಿಂದ ಒರೆಸಿ ನೈಲಾನಿನದನ್ನು ಒತ್ತಿದ. ಮಾವ ತಡೆದು, ಇದು ಆ ದುಬಾರಿ ಪ್ರಾಣಿಯದು ಎಂದರು. ಇರಲಿ, ಈಗಿನ ನೈಲಾನು ಅಷ್ಟು ಮೆತ್ತಗೆ ಬರುತ್ತದೆ, ಯಾರಾದರೂ ಮೋಸ ಹೋಗಬಹುದು ಎಂದು ಅಳಿಯ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಂಗೈಯನ್ನು ಮತ್ತೆ ಒರೆಸಿದ.

ಮೂರನೆಯದನ್ನು ಸದ್ದಾಗುವಂತೆ ಮಗ್ಗಿನಲ್ಲಿ ಅದ್ದಿ, ಚೆನ್ನಾಗಿ ಕೊಡವಿ, ಅಂಗೈಗಿಂತ ನಾಲ್ಕು ಬೆರಳು ಮೇಲೆ ಹಿಡಿದು ನಿಂತ. ಮುಟ್ಟಿಸಲಿಲ್ಲ.

"ಇದು ನೈಲಾನು. ಚುಚ್ತಾ ಇದೆ ನೋಡು. ಇದು ಬೇಡಪ್ಪ," ಎಂದರು ಮಾವ.

ಮೇಷ್ಟ್ರು ತಲೆ ತಗ್ಗಿಸಿದರು. ಮಾವ ನಗುತ್ತಲೇ ಕಣ್ಣು ಬಿಟ್ಟರು. ಮೊದಲು ಬ್ರಶ್ಶು ನೋಡಿದರು, ಆಮೇಲೆ ಒಣ ಅಂಗೈ.

"ಮುಟ್ಟಿಸ್ಲೇ ಇಲ್ವಾ?"

"ಇಲ್ಲ ಮಾವ."

ಮುಟ್ಟಿಸಿ ಒರೆಸಿದೆ ಎಂದು ಅಳಿಯ ಸುಳ್ಳು ಹೇಳಬಹುದಿತ್ತು. ಆಮೇಲೆ ಸೋಮವಾರ ಬರುತ್ತಿತ್ತು, ಮೇಷ್ಟ್ರ ಕೊರಳು ಕತ್ತಿಯ ಕೆಳಗೆ ಇರುತ್ತಿತ್ತು.

"ಒಳ್ಳೇ ವಿದ್ಯೆ ಕಲ್ತಿದ್ದೀಯ. ಯಾರಪ್ಪ ಗುರುಗಳು?" ಎಂದರು ಮಾವ. ಎಡ ಅಂಗೈಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು.

ಮೇಷ್ಟ್ರು ಎದ್ದು ಬಂದು ಮಾವನ ಕುರ್ಚಿಯಲ್ಲೇ ಕೂತರು. "ನೊರೆ ನೀನೇ ಹಚ್ಚಯ್ಯ. ನಿನ್ನ ಅಳಿಯನ ಕೈ ತಣ್ಣಗಿರುತ್ತೆ," ಎಂದರು.

ಮಾವ ಹಂದಿ ಕೂದಲಿನದನ್ನೇ ಎತ್ತಿಕೊಂಡರು. ಸೋಪು ಕಡೆದು, ಬಲಗೈಯಲ್ಲಿ ಸುತ್ತಿಸಿ ಸುತ್ತಿಸಿ ಹಚ್ಚಿದರು. ಕೆನ್ನೆ ಮುಗಿಯಿತು, ಗಲ್ಲ ಮುಗಿಯಿತು, ಮತ್ತೆ ಕೆನ್ನೆಗೆ ಬಂದರು. ಒಣಗುತ್ತಿದ್ದ ನೊರೆಗೆ ನೀರು ಮುಟ್ಟಿಸಿ ಮತ್ತೆ ಎಬ್ಬಿಸಿದರು. ಅಳಿಯ ಕತ್ತಿ ಮಸೆದು ಪಕ್ಕದಲ್ಲಿ ನಿಂತಿದ್ದ. ಬ್ರಶ್ಶು ಕೆಳಗಿಟ್ಟರೆ ತಾನು ಮುಂದೆ ಬರಬೇಕು, ಅವರು ಸರಿಯಬೇಕು. ಮೇಷ್ಟ್ರು ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ಕೂತಿದ್ದರು. ಸಾಕು ಎಂದು ಮೂವರಲ್ಲಿ ಯಾರೂ ಹೇಳಲಿಲ್ಲ.