ಕೆಳಗಿನ ತೊಟ್ಟಿಯ ಹುಳಗಳು

ಪಾರ್ಶ್ವವಾಯು ಬಡಿದ ಮೇಲೆ ಅತ್ತೆಯ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಬೇಡ’. ಹಸಿವಾದರೂ ಬೇಡ, ಹೊಟ್ಟೆ ತುಂಬಿದರೂ ಬೇಡ. ಫ್ಯಾನ್ ಹಾಕು ಎನ್ನುವುದಕ್ಕೂ ಬೇಡ, ಆರಿಸು ಎನ್ನುವುದಕ್ಕೂ ಅದೇ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ, ಮನೆಯಲ್ಲೂ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂದು ಪಕ್ಕದ ಮನೆಯವಳು ನಕ್ಕಾಗ ಸೊಸೆಗೆ ನಗು ಬರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೆ ಗಿರಾಕಿಗಳ ಪ್ಯಾಂಟಿನ ಅಂಚು ಮಡಚಬೇಕು, ಎದ್ದರೆ ಅತ್ತೆಯ ಮಗ್ಗುಲು ಹೊರಳಿಸಬೇಕು. ಸಾಲದ್ದಕ್ಕೆ ನಡುಮನೆಯ ಸಮುದ್ರದ ಚಾಕರಿಯೂ ಈಗ ಅವಳ ತಲೆಗೇ ಬಂದಿತ್ತು.

ಸಮುದ್ರವೆಂದರೆ ಅತ್ತೆ ಸಾಕಿಕೊಂಡು ಬಂದ ಉಪ್ಪುನೀರಿನ ಗಾಜಿನ ತೊಟ್ಟಿ. ಅದರಲ್ಲಿ ನೀಲಿ, ಕಿತ್ತಳೆ ಸುಳಿಗಳ ಒಂದು ಮೀನು. ಮನೆಮಂದಿ ಅದನ್ನು ‘ಮದುಮಗಳು’ ಎನ್ನುತ್ತಿದ್ದರು. ಕೆಳಗಿನ ಕಪಾಟಿನಲ್ಲಿ ಇನ್ನೊಂದು ಪುಟ್ಟ ತೊಟ್ಟಿ. ಎರಡಕ್ಕೂ ಪೈಪಿನಲ್ಲಿ ಒಂದೇ ನೀರು ಓಡಾಡುತ್ತಿತ್ತು. ಆ ಕಪಾಟಿಗೆ ಅತ್ತೆ ಯಾರನ್ನೂ ಕೈ ಹಾಕಲು ಬಿಟ್ಟವಳಲ್ಲ. ಸೊಸೆ ಮೊದಲ ಸಲ ಬಾಗಿಲು ತೆಗೆದು ನೋಡಿದಾಗ ಮೈ ಜುಮ್ಮೆಂದಿತು. ಹಸಿರು ಪಾಚಿಯ ಸಿಕ್ಕಿನಲ್ಲಿ, ಗಾಜಿನ ಮೇಲೆ, ಹೇನಿನಂಥ ಹುಳಗಳು ಪಿತಪಿತ ಹರಿಯುತ್ತಿದ್ದವು.

“ರೀ, ನಿಮ್ಮಮ್ಮನ ತೊಟ್ಟಿಗೆ ಹುಳ ಬಿದ್ದಿದೆ!”

“ನಂಗೇನು ಗೊತ್ತು? ಅಂಗಡೀಲಿ ಕೇಳು,” ಎಂದ ಗಂಡ, ಫೋನಿನಿಂದ ಕಣ್ಣೆತ್ತದೆ.

ಮೀನಿನ ಅಂಗಡಿಯಲ್ಲಿ ಆವತ್ತು ಮಾಲೀಕ ಇರಲಿಲ್ಲ. ಹೊಸದಾಗಿ ಸೇರಿದ್ದ ಹುಡುಗಿಯಿದ್ದಳು. “ಹುಳ ತಿನ್ನೋಕೆ ಇದನ್ನ ಬಿಟ್ರೆ ಇಲ್ಲಕ್ಕ,” ಎಂದು ನೇರಳೆ ಮೈಯ ಪಟ್ಟೆಮೀನೊಂದನ್ನು ಹಿಡಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಮೇಲಿನ ತೊಟ್ಟಿಯಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ, ಇವಳು ಹೇಳಲೂ ಇಲ್ಲ.

ಸೊಸೆ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚೀಲ ಬಿಚ್ಚುತ್ತಿದ್ದಂತೆ ಗಾಲಿಕುರ್ಚಿಯಿಂದ ಕೂಗು ಕೇಳಿಸಿತು. “ಬೇಡ! ಬೇಡ, ಬೇಡ!” ಅತ್ತೆ ಸ್ವಾಧೀನವಿದ್ದ ಕೈಯಿಂದ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದು ಅಲುಗಾಡಿಸುತ್ತಿದ್ದಳು.

“ಆಯ್ತು ಅತ್ತೆ, ಮುಗೀತು. ಟೀ ಕೊಡ್ತೀನಿ ಇರಿ.” ಪಟ್ಟೆಮೀನು ನೀರಿಗಿಳಿಯಿತು.

ಕೆಲವೇ ದಿನಗಳಲ್ಲಿ ಗಾಜು ಥಳಥಳ ಹೊಳೆಯಿತು. ಒಂದು ಹುಳವೂ ಇಲ್ಲ. ಸೊಸೆ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಆದರೆ ಮೇಲೆ ಮದುಮಗಳು ಸೊರಗತೊಡಗಿದಳು. ಹೊಟ್ಟೆ ಬೆನ್ನಿಗೆ ಹತ್ತಿತು. ಉದುರಿಸಿದ ಒಣ ತಿನಿಸನ್ನು ಮೂಸಿಯೂ ನೋಡಲಿಲ್ಲ. ಅತ್ತೆ ಮೀನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡುತ್ತಿದ್ದಳು. ಗಾಬರಿಯಾಗಿ ಮತ್ತೆ ಅಂಗಡಿಗೆ ಓಡಿದಾಗ ಮಾಲೀಕನೇ ಸಿಕ್ಕ. ಎಲ್ಲ ಕೇಳಿ ಹಣೆ ಚಚ್ಚಿಕೊಂಡ.

“ಅಯ್ಯೋ ತಾಯಿ! ಮೇಲಿನ ಮೀನು ಆ ಹುಳ ಬಿಟ್ಟು ಬೇರೇನೂ ಮುಟ್ಟಲ್ಲ. ನಿಮ್ಮತ್ತೆ ಕೆಳಗೆ ಅವನ್ನ ಬೆಳೆಸ್ತಿದ್ದಿದ್ದೇ ಅದಕ್ಕೆ. ಅಲ್ಲಿ ತಿನ್ನೋರ ಕಾಟ ಇಲ್ದೆ ಮರಿ ಹಾಕ್ತವೆ, ನೀರಿನ ಜೊತೆ ಮೇಲೆ ಹೋಗ್ತವೆ. ಅನ್ನದ ಪಾತ್ರೇಲೇ ಬೆಕ್ಕು ಕೂರಿಸಿದ್ರಲ್ಲ! ಮೊದಲು ಆ ಪಟ್ಟೆಮೀನು ಹಿಡೀರಿ.”

ಹಿಡಿಯುವುದೇನು ಸುಲಭವೇ? ಪಾಚಿಯನ್ನೆಲ್ಲ ಬಕೆಟ್ಟಿಗೆ ತುಂಬಿ, ಟೀ ಸೋಸುವ ಜಾಲರಿ ಹಿಡಿದು, ಮೊಣಕೈವರೆಗೆ ನೆನೆದು ಮಧ್ಯಾಹ್ನವೆಲ್ಲ ಒದ್ದಾಡಿದಳು. ಕೊನೆಗೆ ಸಿಕ್ಕಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಮರುದಿನ ಬೆಳಿಗ್ಗೆ ಮದುಮಗಳು ಕಲ್ಲಿನ ಪಕ್ಕ ಒರಗಿದ್ದಳು, ಬಣ್ಣ ಮಾಸಿತ್ತು.

“ವಯಸ್ಸಾಗಿತ್ತು ಅಂದ್ಬಿಡು. ಅಮ್ಮಂಗೇನು ತಿಳಿಯುತ್ತೆ?” ಎಂದು ಗಂಡ ಪಿಸುಗುಟ್ಟಿದ.

“ಎಲ್ಲಾ ತಿಳಿಯುತ್ತೆ ಕಣ್ರೀ. ಅವತ್ತೇ ಬೇಡ ಅಂದ್ರು. ನಾನೇ ಕಿವಿ ಮೇಲೆ ಹಾಕ್ಕೊಳ್ಲಿಲ್ಲ.”

ಅವಳು ಅತ್ತೆಯ ಕಾಲ ಬಳಿ ಕೂತು, “ನಾನೇ ಕೊಂದೆ ಅತ್ತೆ,” ಎಂದಳು. ಅತ್ತೆ ಗೋಡೆಯತ್ತ ಮುಖ ತಿರುಗಿಸಿದಳು. ಆಮೇಲೆ ಸೊಸೆಯ ಕೈತುತ್ತಿಗೆ ಬಾಯಿಯನ್ನೇ ತೆರೆಯಲಿಲ್ಲ. ಮಗನೇ ಉಣ್ಣಿಸಬೇಕಾಯಿತು.

ಎರಡು ಹೊತ್ತು ಉಣ್ಣಿಸುವಷ್ಟರಲ್ಲಿ ಅವನು ಸುಸ್ತಾದ. “ಈ ತೊಟ್ಟಿ ಮಾರ್ಬಿಡೋಣ ಅಮ್ಮ.”

“ಬೇಡ.”

“ಎಲ್ಲದಕ್ಕೂ ಹಾಗೇ ಅಂತಾಳೆ. ನಾಳೆ ಯಾರನ್ನಾದ್ರೂ ಕರೀತೀನಿ.”

ಸೊಸೆ ಅತ್ತೆಯ ಕೈ ನೋಡುತ್ತಿದ್ದಳು. ಆವತ್ತಿನಂತೆಯೇ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದ ಬೆರಳುಗಳು ಬಿಳಚಿಕೊಂಡಿದ್ದವು. “ಯಾರನ್ನೂ ಕರೀಬೇಡಿ,” ಎಂದಳು. “ಅವರು ಹೇಳ್ತಿರೋದು ನಿಜವಾಗ್ಲೂ ಬೇಡ ಅಂತಾನೇ.”

ಮರುದಿನ ಹೊಲಿಗೆ ಬದಿಗಿಟ್ಟು ಕುರ್ಚಿಯನ್ನು ಅಂಗಡಿಯವರೆಗೆ ತಳ್ಳಿಕೊಂಡು ಹೋದಳು. ತೊಟ್ಟಿಗೆ ಬಿಡಬಹುದಾದ ಜೀವಿಗಳನ್ನು ಮಾಲೀಕ ಒಂದೊಂದಾಗಿ ತೋರಿಸಿದ. ಕೆಂಪು-ಬಿಳುಪು ಸೀಗಡಿ: “ಬೇಡ,” ಬೆರಳು ಬಿಗಿಯಾಯಿತು. ಪುಟ್ಟ ಏಡಿ: ಇನ್ನೂ ಬಿಗಿಯಾಯಿತು. “ಸರಿಯಾಗೇ ಹೇಳ್ತಿದಾರೆ, ಎರಡೂ ಹುಳ ತಿನ್ನೋವೇ,” ಎಂದ ಮಾಲೀಕ, ತುಸು ಬೆರಗಾಗಿ. ಗಾಜು ಕೆರೆದು ಪಾಚಿಯಷ್ಟೇ ತಿನ್ನುವ ಬಸವನಹುಳ ತಂದಾಗಲೂ “ಬೇಡ” ಎಂದೇ ಬಂತು, ಆದರೆ ಕೈ ಸಡಿಲವಾಗಿತ್ತು. ಜೀವಂತ ಹುಳಗಳ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಅತ್ತೆ ಕತ್ತು ಮುಂದೆ ಚಾಚಿದಳು.

“ಇವು ಚೆನ್ನಾಗಿ ಹೆಚ್ಚೋಕೆ ತಿಂಗಳುಗಟ್ಟಲೆ ಬೇಕು,” ಎಂದ ಮಾಲೀಕ. “ಅಲ್ಲೀವರೆಗೂ ಮೀನು ಕೇಳ್ಬೇಡಿ, ನಾನು ಕೊಡಲ್ಲ.”

ಮನೆಗೆ ಬಂದು ಪಾಚಿಯನ್ನು ಮತ್ತೆ ಹಾಸಿ, ಅತ್ತೆಯ ಕುರ್ಚಿಯನ್ನು ಕಪಾಟಿಗೆ ಹತ್ತಿರ ಎಳೆದು, ಬಾಟಲಿಯನ್ನು ಮೆಲ್ಲಗೆ ಬಗ್ಗಿಸಿದಳು. ಧೂಳಿನಂಥ ಜೀವಗಳು ಹಸಿರಿನೊಳಗೆ ಚದುರಿದವು. ಅತ್ತೆ ಕತ್ತು ಬಗ್ಗಿಸಿ ಗಾಜನ್ನೇ ನೋಡುತ್ತ ಕೂತಳು. ಸೊಸೆಯತ್ತ ತಿರುಗಲಿಲ್ಲ.

ಸಂಜೆಯ ಊಟವೂ ಮಗನ ಕೈಯಿಂದಲೇ ಆಯಿತು. ಸೊಸೆ ಯಂತ್ರದ ಮುಂದೆ ಕೂತು, ಬಾಕಿ ಉಳಿದ ಪ್ಯಾಂಟಿನ ಅಂಚು ಮಡಚತೊಡಗಿದಳು.