ಅಮ್ಮನ ಕತ್ತಿನ ಗೆರೆ

ನಾನು ಹೊಟ್ಟೆಪಾಡಿಗೆ ಗಾಯ ಮಾಡುತ್ತಿದ್ದವಳು. ಒಸಾಕಾದ ಒಂದು ವಿಡಿಯೊ ಗೇಮ್ ಕಂಪನಿಯಲ್ಲಿ ಸೀಳಿದ ತೊಡೆ, ಒಡೆದ ಬುರುಡೆ, ಹೊರಗೆ ಬಂದ ಕರುಳುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದೇ ನನ್ನ ಕೆಲಸವಾಗಿತ್ತು. ವರ್ಷ ಕಳೆದಂತೆ "ಇನ್ನೂ ನಿಜ ಅನಿಸಬೇಕು, ಇನ್ನೂ ಹಸಿ ಇರಬೇಕು" ಅನ್ನುತ್ತಿದ್ದರು. ಮಾಂಸದಂಗಡಿ ಮುಂದೆ ಹಾದರೆ ನನ್ನ ಕಣ್ಣು ತಾನಾಗಿ ಕೊಬ್ಬಿನ ಬಣ್ಣ ನೋಡುತ್ತದೆ. ಥೂ, ನನ್ನ ಮೇಲೆ ನನಗೇ ಹೇಸಿಗೆ. ಆದರೂ ಅದು ಯಾರ ಮೈಯೂ ಅಲ್ಲವಲ್ಲ ಎಂದುಕೊಂಡು ಉಣ್ಣುತ್ತಿದ್ದೆ, ಮಲಗುತ್ತಿದ್ದೆ.

ನಮ್ಮಮ್ಮ ತೊಮಿಯೊ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಒಕೊನೊಮಿಯಾಕಿ ಅಂಗಡಿ ಇಟ್ಟಿದ್ದಾಳೆ. ಬಿಸಿ ಕಾವಲಿಯ ಮೇಲೆ ಎಲೆಕೋಸಿನ ರೊಟ್ಟಿ ಮಗುಚುತ್ತಾ ಗಿರಾಕಿಗಳ ಕಾಲೆಳೆಯುವುದು ಅವಳ ಚಾಳಿ. ನಮ್ಮ ಆಟದ ನಿರ್ದೇಶಕ ಒನೊದೆರಾ ದಿನಾ ಮಧ್ಯಾಹ್ನ ಅಲ್ಲೇ ಉಣ್ಣುತ್ತಾನೆ. ಹೋದ ವರ್ಷ ಒಂದು ದಿನ ಅವಳನ್ನೇ ದಿಟ್ಟಿಸಿ ನೋಡುತ್ತಾ, "ಅಮ್ಮಾ, ನಿಮ್ಮ ಮುಖ ನಮ್ಮ ಆಟಕ್ಕೆ ಬೇಕು" ಎಂದ.

"ಈ ಒಣಗಿದ ಮೂಲಂಗಿ ಮುಖಾನಾ? ಆಡೋರು ಹೆದ್ರಿ ಓಡಿಹೋಗ್ತಾರೆ ಕಣಪ್ಪ!" ಎಂದಳು ಅಮ್ಮ. ಮರುದಿನವೇ ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದಳು. ಸುತ್ತಲೂ ಕ್ಯಾಮೆರಾಗಳಿದ್ದ ಕೋಣೆಯಲ್ಲಿ ಕೂರಿಸಿ ಅವಳ ಮುಖ, ದನಿ, ಥೈರಾಯ್ಡ್ ಆಪರೇಷನ್ನಿನ ಹಳೇ ಗೆರೆಯಿದ್ದ ಕತ್ತು, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಕೊಂಡರು. ಸಂತೆಯಲ್ಲಿ ತಿಂಡಿ ಮಾರುವ ಅಜ್ಜಿಯ ಪಾತ್ರ. ಅಮ್ಮ ಇಡೀ ಗಲ್ಲಿಗೆ ಡಂಗುರ ಹೊಡೆದಳು.

ಈ ವಸಂತದಲ್ಲಿ ಒನೊದೆರಾ ನನ್ನನ್ನು ಕರೆದ.

"ಚಿಜುರು ಸಾನ್, ಕಥೆ ಸ್ವಲ್ಪ ಬದಲಾಗಿದೆ. ಆ ಅಜ್ಜೀನ ಆಟಗಾರನೇ ಕೊಲ್ಬೇಕು. ಕೊಡಲೀಲಿ, ಹತ್ತಿರದಿಂದ. ಆ ಕತ್ತು ನಿಮಗೆ ಚೆನ್ನಾಗಿ ಗೊತ್ತಲ್ಲ, ನೀವೇ ಮಾಡಿ."

"ಅದು ನಮ್ಮಮ್ಮ."

"ಅದಕ್ಕೇ ಹೇಳ್ತಿರೋದು. ಪರೀಕ್ಷೆಗೆ ಆಡಿದ ಹುಡುಗರು ಯಾರನ್ನ ಹೊಡೆಯೋಕೂ ಹಿಂದೆಮುಂದೆ ನೋಡ್ಲಿಲ್ಲ. ನಿಮ್ಮಮ್ಮನ ಮುಂದೆ ಮಾತ್ರ ಕೈ ನಿಂತುಹೋಯ್ತು. ಅಂಥ ಮುಖ ಸಿಗೋದೇ ಪುಣ್ಯ."

"ನಾನು ಮುಟ್ಟಲ್ಲ."

"ನಿಮ್ಮ ವಿಭಾಗದ ಮಕಾಬೆ ಮಾಡ್ತಾನೆ ಬಿಡಿ. ಅದೂ ಹೊರದೇಶಕ್ಕೆ ಹೋಗೋದ್ರಲ್ಲಿ ಮಾತ್ರ. ಇಲ್ಲಿ ಮಾರೋದ್ರಲ್ಲಿ ಬಾಗಿಲು ಮುಚ್ಚುತ್ತೆ, ಸದ್ದು ಕೇಳುತ್ತೆ, ಅಷ್ಟೆ."

ಇಂಥ ಆಟಗಳನ್ನು ನಾವು ಎರಡು ಬಗೆಯಲ್ಲಿ ಮಾಡುತ್ತೇವೆ. ಇಲ್ಲಿನ ನಿಯಮದಂತೆ ಕಡಿದ ತಲೆಯನ್ನು ನಮ್ಮ ಜನಕ್ಕೆ ತೋರಿಸುವಂತಿಲ್ಲ. ಹಾಗಾಗಿ ಮನೆಯವರಿಗೆ ಸಪ್ಪೆ, ಹೊರಗಿನವರಿಗೆ ರಕ್ತ. ಮನೆಯ ಹೊಲಸನ್ನು ಪಕ್ಕದವರ ಅಂಗಳಕ್ಕೆ ಗುಡಿಸಿ ಕೈ ತೊಳೆದುಕೊಳ್ಳುವ ಜಾಣತನ ಇದು.

ಇಡೀ ಮಹಡಿಗೆ ಕೇಳುವಂತೆ ಕೂಗಾಡಿದೆ. ಕೊನೆಗೆ ಅವನು, "ಅಮ್ಮನೇ ನೋಡಿ ಬೇಡ ಅನ್ಲಿ, ತೆಗೆದುಬಿಡ್ತೀನಿ. ನೀವು ಮಾತ್ರ ಮೊದಲೇ ಅವರ ಕಿವಿ ಊದಬಾರ್ದು" ಎಂದ. ಒಪ್ಪಿದೆ. ಸಾಸ್ ಕಡಿಮೆ ಅಂದ ಗಿರಾಕಿಯನ್ನು ಎಬ್ಬಿಸಿ ಕಳಿಸಿದ ಹೆಂಗಸು ನಮ್ಮಮ್ಮ. ನಾನು ಗೆದ್ದೆ ಅಂತಲೇ ಅಂದುಕೊಂಡೆ.

ಕೆಲಸ ಮುಗಿದ ಮೇಲೆ ಆಟ ನೋಡಲು ಅಮ್ಮ ಬಟ್ಟೆಯಲ್ಲಿ ಕಟ್ಟಿದ ಸಿಹಿಯ ಡಬ್ಬಿ ಹಿಡಿದು ಆಫೀಸಿಗೆ ಬಂದಳು. ಪರದೆಯ ಮೇಲೆ ಅಜ್ಜಿ ಕಾವಲಿಯ ಮುಂದೆ ನಿಂತು, "ಬನ್ನಿ ಬನ್ನಿ, ಬಿಸಿ ಬಿಸಿ ಇದೆ" ಎಂದಳು.

"ಅಯ್ಯೋ ಇವಳ! ನನಗಿಂತ ಚೆನ್ನಾಗಿದಾಳಲ್ಲ!" ಎಂದು ಅಮ್ಮ ನಕ್ಕಳು.

ಕೊಡಲಿ ಬಂತು. ಮಕಾಬೆ ಸರಿಯಾಗಿ ಆ ಆಪರೇಷನ್ನಿನ ಗೆರೆಯ ಮೇಲೇ ಕಡಿಸಿದ್ದ. "ಗೆರೆ ಮೊದಲೇ ಇತ್ತು, ಸುಲಭ ಆಯ್ತು" ಎಂದು ಊಟದ ಹೊತ್ತಿನಲ್ಲಿ ನನಗೇ ಹೇಳಿದ್ದ, ಪಾಪಿ. ತಲೆ ಕಾವಲಿಯ ಮೇಲೆ ಬಿತ್ತು. ಕೆನ್ನೆ ಚುರ್ ಎಂದಿತು.

ಅಮ್ಮನ ಕೈ ತನ್ನ ಕತ್ತಿಗೆ ಹೋಯಿತು. ಒನೊದೆರಾ ಪರದೆ ನೋಡುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ. "ಮಕಾಬೆ, ಇಲ್ನೋಡು" ಎಂದ ಮೆಲ್ಲಗೆ. "ಎಡಗಡೆ ತುಟಿ ಮಾತ್ರ ನಡುಗ್ತಿದೆ. ನಾವು ಎರಡೂ ಕಡೆ ನಡುಗಿಸಿದೀವಿ. ತಿದ್ದಬೇಕು."

ಮನುಷ್ಯನಾ ಇವನು? ಆ ಡಬ್ಬಿಯನ್ನೇ ತೆಗೆದು ಮುಖಕ್ಕೆ ಬೀಸೋಣ ಅನ್ನಿಸಿತು.

"ಹೇಗಿದೆ ಅಮ್ಮಾ?" ಎಂದ ಅವನು, ಏನೂ ಆಗದವನಂತೆ. "ನಿಮ್ಮ ಮಗಳ ವಿಭಾಗದವರೇ ಮಾಡಿದ್ದು."

"ಬೇಡ ಅನ್ನಮ್ಮ! ನೀನು ಅಂದ್ರೆ ತೆಗೀತಾರೆ!" ಎಂದು ಕೂಗಿದೆ.

ಮೇಜಿನ ಕೆಳಗೆ ಅಮ್ಮ ನನ್ನ ತೊಡೆ ಚಿವುಟಿದಳು. ಎದ್ದು ನಿಂತು, ಎರಡೂ ಕೈಯಿಂದ ಡಬ್ಬಿಯನ್ನು ಅವನ ಮುಂದಿಟ್ಟು, ಮಕ್ಕಳ ಮೇಲಧಿಕಾರಿಗೆ ನಮ್ಮ ತಾಯಂದಿರು ಬಾಗುವ ಹಾಗೆ ಸೊಂಟದವರೆಗೆ ಬಾಗಿದಳು.

"ತುಂಬಾ ಅಚ್ಚುಕಟ್ಟಾಗಿದೆ. ನಮ್ಮ ಹುಡುಗಿ ಬಾಯಿ ಸ್ವಲ್ಪ ಜೋರು, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಕೈಗೆ ಒಪ್ಪಿಸಿದೀನಿ, ನೋಡ್ಕೊಳ್ಳಿ."

ಒನೊದೆರಾ ಅವಳಿಗಿಂತ ಕೆಳಗೆ ಬಾಗಿದ.

ರಸ್ತೆ ದಾಟುವ ಸಿಗ್ನಲ್ಲಿನಲ್ಲಿ ಕೇಳಿದೆ, "ಯಾಕಮ್ಮ ಹಾಗಂದೆ?"

"ಮತ್ತೇನನ್ಲಿ? ನಿನ್ನ ಕೈಕೆಲಸ. ಮೇಲಿನವರ ಮುಂದೆ ಮಗಳು ಮಾಡಿದ್ದನ್ನ ತಾಯಿ ಬೇಡ ಅಂತಾಳೇನೆ?" ಅವಳು ಇನ್ನೂ ಕತ್ತು ಸವರಿಕೊಳ್ಳುತ್ತಿದ್ದಳು. "ರಕ್ತ ಜಾಸ್ತಿ ಆಯ್ತು. ಆದ್ರೂ ನನ್ನ ಗೆರೆ ಎಲ್ಲಿದೆ ಅಂತ ಮರೀಲಿಲ್ಲವಲ್ಲ ನೀನು."

"ಅದು ನಾನು ಮಾಡಿದ್ದಲ್ಲಮ್ಮ. ಮಾಡಲ್ಲ ಅಂತ ಜಗಳ ಆಡಿದ್ದೆ."

ಹಸಿರು ದೀಪ ಬಂತು. ಜನ ದಾಟಿದರು. ಅಮ್ಮ ದಾಟಲಿಲ್ಲ. "ಹಾಗಾದ್ರೆ ನಾನು ಬಾಗಿದ್ದು ಯಾರ ಕೆಲಸಕ್ಕೆ?" ಎಂದಳು.

ನಾನು ಓಡಿ ವಾಪಸ್ ಹೋದೆ. ಒನೊದೆರಾ ಅಮ್ಮ ತಂದ ಸಿಹಿ ತಿನ್ನುತ್ತಿದ್ದ. "ಅಚ್ಚುಕಟ್ಟಾಗಿದೆ ಅಂತ ಅವರೇ ಅಂದ್ರಲ್ಲ" ಎಂದು ಬೆರಳಿಗಂಟಿದ ಹೂರಣ ನೆಕ್ಕಿದ. ಕಂಪನಿಯ ಗುರುತಿನ ಚೀಟಿಯನ್ನು ಆ ಡಬ್ಬಿಯೊಳಗೇ ಎಸೆದು, ಕೆಲಸ ಬಿಟ್ಟು ಬಂದೆ. ಆಟ ಹೊರದೇಶದಲ್ಲಿ ಭರ್ಜರಿಯಾಗಿ ಹೋಗುತ್ತಿದೆಯಂತೆ.

ಅಮ್ಮ ಈಗ ಕಣ್ಣಿನ ಕೆಳಗಿನವರೆಗೆ ಮಾಸ್ಕ್ ಹಾಕಿಕೊಂಡು, ಕತ್ತಿಗೆ ಟವೆಲ್ ಸುತ್ತಿಕೊಂಡೇ ಕಾವಲಿಯ ಮುಂದೆ ನಿಲ್ಲುತ್ತಾಳೆ, ಆಗಸ್ಟಿನ ಸೆಕೆಯಲ್ಲೂ. ನಮ್ಮೂರಲ್ಲಿ ಮಾಸ್ಕ್ ಹಾಕಿದವರನ್ನು ಯಾರೂ ಯಾಕೆಂದು ಕೇಳುವುದಿಲ್ಲ. ನಾನು ಎಲೆಕೋಸು ಹೆಚ್ಚಿಕೊಡುತ್ತೇನೆ. ಒನೊದೆರಾ ಈಗಲೂ ನಾಚಿಕೆಯಿಲ್ಲದೆ ಊಟಕ್ಕೆ ಬರುತ್ತಾನೆ.

"ಏನಮ್ಮಾ, ನಿಮ್ಮ ಮುಖ ನೋಡಿ ಎಷ್ಟು ದಿನ ಆಯ್ತು!" ಎಂದ ಮೊನ್ನೆ.

"ಅದು ನಿಮ್ಮ ಹತ್ರಾನೇ ಇದೆಯಲ್ಲಪ್ಪ" ಎಂದು ಅಮ್ಮ ಅವನ ರೊಟ್ಟಿ ಮಗುಚಿ ಹಾಕಿದಳು.